ಸಿಂಚನಾಳ ಬಗ್ಗೆ ನಾಲ್ಕು ಒಳ್ಳೆಯ ಮಾತು

ಮಂಜುನಾಥಪ್ಪನವರು ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ನಿಜವನ್ನು ಪೂರ್ತಿ ಹೇಳಿ ಅಭ್ಯಾಸವೂ ಅವರಿಗಿಲ್ಲ. ನಮ್ಮ ಬೀದಿಗೆ ಈ ವರ್ಷ ಬಂದ ಕಷ್ಟವೆಲ್ಲ ಈ ಎರಡರ ನಡುವಿನ ಸಂದಿಯಿಂದಲೇ ಬಂದದ್ದು.

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ದೇವರ ಪಟ, ಮದುವೆ ಫೋಟೋ, ಸನ್ಮಾನ ಪತ್ರ ಎಲ್ಲವೂ ಬರುತ್ತವೆ. ಆದರೆ ಅಂಗಡಿ ನಡೆಯುವುದು ತೀರಿಕೊಂಡವರಿಂದ. ಈಗಿನವರು ಮದುವೆ ಫೋಟೋವನ್ನು ಮೊಬೈಲಿನಲ್ಲೇ ಇಟ್ಟುಕೊಳ್ಳುತ್ತಾರೆ, ತೀರಿಕೊಂಡವರನ್ನು ಮಾತ್ರ ಗೋಡೆಗೆ ಹಾಕಲೇಬೇಕು. ಹಾಗಾಗಿ ಊರಿನಲ್ಲಿ ಯಾರಿಗಾದರೂ ಕಾಯಿಲೆ ಜೋರಾಗಿದೆ ಎಂದು ತಿಳಿದರೂ ಮಂಜುನಾಥಪ್ಪನವರು ನೋಡಲು ಹೋಗುವುದನ್ನೇ ಬಿಟ್ಟಿದ್ದರು. ಹೋದರೆ ಮನೆಯವರು ಒಂಥರಾ ನೋಡುತ್ತಿದ್ದರಂತೆ.

ಇಂಥವರ ಒಬ್ಬಳೇ ಮಗಳು ಸಿಂಚನಾ ಫಿಸಿಯೋಥೆರಪಿ ಡಿಗ್ರಿಯನ್ನು ರ‍್ಯಾಂಕಿನಲ್ಲಿ ಮುಗಿಸಿ ಬಂದಳು. ಅಪ್ಪ ಆ ಪದವಿ ಪತ್ರಕ್ಕೆ ತೇಗದ ಕಟ್ಟು ಹಾಕಿ, ಅಂಗಡಿಯಲ್ಲಿ ಹಾರ ಹಾಕಿದ ಹಿರಿಯರ ನಡುವೆ ನೇತುಹಾಕಿದರು. ಬಂದವರು ಮೊದಲು ಕೈಮುಗಿದು ಆಮೇಲೆ ಓದುತ್ತಿದ್ದರು. "ಮುಂದೆ ಎಂತ ಓದಿಸ್ತೀರಿ?" ಎಂದರೆ "ಮಾಸ್ಟರ್ಸ್. ಮಂಗಳೂರಲ್ಲಿ ಸೀಟು ಆಗಿದೆ" ಎನ್ನುತ್ತಿದ್ದರು. "ಖರ್ಚು?" ಎಂದರೆ ಕಣ್ಣು ಅರ್ಧ ಮುಚ್ಚಿ, "ರ‍್ಯಾಂಕ್ ಬಂದವರಿಗೆ ನಾವು ಖರ್ಚು ಮಾಡೋದು ಎಂತ ಇರ್ತದೆ?" ಎನ್ನುತ್ತಿದ್ದರು. ಇದು ಸುಳ್ಳಲ್ಲ, ಬರೀ ಪ್ರಶ್ನೆ. ಬೀದಿ ಅದನ್ನು ಉತ್ತರ ಎಂದು ತಿಳಿದುಕೊಂಡಿತು. ಸಿಂಚನಾಳನ್ನು ಸರ್ಕಾರವೇ ಓದಿಸುತ್ತದಂತೆ ಎಂಬ ಸುದ್ದಿ ತೀರ್ಥಹಳ್ಳಿಯ ತನಕ ಹೋಗಿ, ಅಲ್ಲಿಂದ ಅಭಿನಂದನೆಗಳು ವಾಪಸ್ ಬಂದವು.

ಕಾಲೇಜು ಶುರುವಾಗುವ ತನಕ ಹುಡುಗಿ ಸುಮ್ಮನೆ ಕೂರಲಿಲ್ಲ. ಎದುರು ಮನೆಯ ವೇದಾವತಿ ಟೀಚರ್ ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ನಿಂತು ನಿಂತು ಕಲಿಸಿ, ನಿವೃತ್ತರಾಗುವ ಹೊತ್ತಿಗೆ ಮಂಡಿ ಕಳೆದುಕೊಂಡಿದ್ದರು. ಸಿಂಚನಾ ದಿನಾ ಬೆಳಿಗ್ಗೆ ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ವ್ಯಾಯಾಮ ಮಾಡಿಸಿದಳು. ಅವರು ಸಿಗಂದೂರಿಗೆ ಹೋಗಿ ದೇವಿಯ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿ ಬಂದರು. ಜೋಗದ ಪವರ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಪಕ್ಕದ ಮನೆಯ ಜಟ್ಟಿಂಗಪ್ಪನವರ ಬಲಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಅದನ್ನೂ ಸರಿಮಾಡಿದಳು. ಈಗ ಅವರು ಚಹಾದಂಗಡಿಯಲ್ಲಿ ಯಾರಿಗೆ ಬೈಯುವುದಿದ್ದರೂ ಕೈ ಪೂರಾ ಎತ್ತಿ ಬೈಯುತ್ತಾರೆ.

ಇನ್ನು ನಿಜದ ವಿಷಯ. ಸರ್ಕಾರ ಬಿಡಿಗಾಸೂ ಕೊಡುತ್ತಿರಲಿಲ್ಲ. ಬ್ಯಾಂಕಿನ ಶಿಕ್ಷಣ ಸಾಲವೊಂದೇ ದಾರಿ, ಆ ಸಾಲ ಸಿಗುವುದು ಸಾಗರದ ಶಾಖೆಯಲ್ಲಿ. ಊರಿನಲ್ಲಿ ಯಾರಿಗೂ ಗೊತ್ತಾಗದಿರುವುದೇ ಒಳ್ಳೆಯದೆಂದು ಮಂಜುನಾಥಪ್ಪನವರು "ಗಾಜು ತರೋದುಂಟು" ಎಂದಷ್ಟೇ ಹೇಳಿ ಮಗಳೊಂದಿಗೆ ಬಸ್ ಹತ್ತಿದರು.

ಮ್ಯಾನೇಜರು ಒಳ್ಳೆಯವರೇ. ಆದರೆ ಹೊಸ ನಿಯಮ ಅವರಿಗಿಂತ ಮೊದಲೇ ಬಂದು ಅವರ ಮೇಜಿನ ಮೇಲೆ ಕೂತಿತ್ತು.

"ಜುಲೈಯಿಂದ ಬದಲಾಗ್ತದೆ. ಡಿಗ್ರಿ ಆದಮೇಲಿನ ಓದಿಗೆ ಸಾಲ ಅಂದ್ರೆ ಇನ್ಮೇಲೆ ವೃತ್ತಿಪರ ಕೋರ್ಸ್‌ಗಳಿಗೆ ಮಾತ್ರ. ಡಾಕ್ಟರು, ಲಾಯರು, ಹೀಗೆ ಹೆಡ್ ಆಫೀಸಿನವರು ಪಟ್ಟಿ ಮಾಡಿದ್ದಾರೆ. ಫಿಸಿಯೋಥೆರಪಿ ಅದರಲ್ಲಿಲ್ಲ."

"ವೃತ್ತಿ ಅಲ್ಲದಿದ್ರೆ ಮತ್ತೆ ಎಂತ ಸಾರ್ ಅದು? ಹವ್ಯಾಸನಾ?"

"ಪಟ್ಟಿ ಮಾಡಿದವನು ನಾನಲ್ಲ ಯಜಮಾನ್ರೇ" ಎಂದು ಮ್ಯಾನೇಜರು ಕುರ್ಚಿಯಲ್ಲಿ ಸರಿಯಲು ಹೋಗಿ "ಅಯ್ಯಪ್ಪಾ" ಎಂದು ನರಳಿದರು. ಅವರ ಸೊಂಟಕ್ಕೆ ಅಗಲವಾದ ಬೆಲ್ಟು ಇತ್ತು.

"ಸಾರ್, ಬೆಲ್ಟು ತಲೆಕೆಳಗು ಕಟ್ಟಿದ್ದೀರಿ" ಎಂದಳು ಸಿಂಚನಾ.

ಮ್ಯಾನೇಜರು ಕ್ಯಾಬಿನ್ನಿನ ಬಾಗಿಲು ಹಾಕಿಸಿ ಅವಳಿಂದ ಬೆಲ್ಟು ಸರಿಮಾಡಿಸಿಕೊಂಡರು. ನೆಟ್ಟಗೆ ಕೂತರು, ಉಸಿರೆಳೆದರು, ಮುಖದಲ್ಲಿ ನಗು ಬಂತು. ಆ ನಗುವಿನಲ್ಲೇ ಮತ್ತೊಮ್ಮೆ ಹೇಳಿದರು: "ಪಟ್ಟಿಯಲ್ಲಿಲ್ಲಮ್ಮಾ."

ಒಂದೇ ಒಂದು ಕಿಂಡಿ ಉಳಿದಿತ್ತು. ಜೂನ್ ಮೂವತ್ತರೊಳಗೆ ಮಂಜೂರಾದರೆ ಹಳೇ ನಿಯಮವೇ ನಡೆಯುತ್ತದೆ. ಆದರೆ ಹುಡುಗಿ ಓದು ಪೂರ್ತಿ ಮಾಡುತ್ತಾಳೆ, ಆಮೇಲೆ ದುಡಿದು ಸಾಲ ತೀರಿಸುತ್ತಾಳೆ ಎಂಬುದು ಖಾತ್ರಿಯಾಗಬೇಕು. "ನಮ್ಮ ಫೀಲ್ಡ್ ಆಫೀಸರು ನಿಮ್ಮ ಬೀದಿಗೆ ಬಂದು ಅಕ್ಕಪಕ್ಕದವರನ್ನ ವಿಚಾರಿಸ್ತಾರೆ" ಎಂದರು ಮ್ಯಾನೇಜರು.

"ಅಕ್ಕಪಕ್ಕದವರನ್ನಾ!"

"ಹೆದರಬೇಡಿ. ಬ್ಯಾಂಕಿನವರು ಅಂತ ಎಲ್ಲೂ ಹೇಳಲ್ಲ. ಗ್ರಾಹಕರ ಮರ್ಯಾದೆ ನಮಗೆ ಮುಖ್ಯ."

ಮಂಜುನಾಥಪ್ಪನವರ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮನೆಗೆ ಬಂದು ಹೆಂಡತಿ ಮೂಕಾಂಬಿಕಾಗೆ ಹೇಳಿದರು. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ಬ್ಯಾಂಕಿನವರು ಬರ್ತಾರೆ, ಸಾಲಕ್ಕೆ ಅಂತ ಬೀದೀಲಿ ಹೇಳಿಬಿಡಿ. ಮುಗೀತು" ಎಂದಳು.

"ಎಂತ ಮಾತಾಡ್ತೀಯಾ? ಸರ್ಕಾರ ಓದಿಸ್ತದೆ ಅಂತ ಊರೇ ಹೇಳ್ತಿದೆ!"

"ಊರು ಹೇಳಿದ್ದಲ್ಲ. ನೀವು ಹೇಳಿಸಿದ್ದು."

ಹೆಂಡತಿ ಹೇಳಿದ್ದು ಸರಿ ಎನಿಸಿದಾಗಲೆಲ್ಲ ಮಂಜುನಾಥಪ್ಪನವರು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾರೆ. ಆ ದಿನವೂ ಹೋದರು. ಮನೆ ಮನೆಗೆ ಹೋಗಿ, ದನಿ ತಗ್ಗಿಸಿ ಹೇಳಿದರು: "ನಾಳೆ ನಾಡಿದ್ದರಲ್ಲಿ ಯಾರೋ ಬರ್ತಾರೆ. ನಮ್ಮ ಸಿಂಚನಾ ವಿಚಾರ ಕೇಳ್ತಾರೆ. ನಾಲ್ಕು ಒಳ್ಳೇ ಮಾತು ಹೇಳಿ."

"ಯಾರು?" ಎಂದರು ವೇದಾವತಿ ಟೀಚರ್.

"ಅದೆಲ್ಲ ಈಗ ಬೇಡ ವೇದಕ್ಕ. ಕೂಡಿ ಬಂದ್ರೆ ಆಮೇಲೆ ನಾನೇ ಹೇಳ್ತೀನಿ."

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಹೆಣ್ಣು ಕೇಳುವವರು ನಮ್ಮಲ್ಲಿ ನೆಟ್ಟಗೆ ಹೆಣ್ಣಿನ ಮನೆಗೆ ಬರುವುದಿಲ್ಲ. ಮೊದಲು ಒಬ್ಬ ಬರುತ್ತಾನೆ. ತಾನು ಯಾರೆಂದು ಹೇಳುವುದಿಲ್ಲ. ಚಹಾದಂಗಡಿಯಲ್ಲಿ ಕೂತು ಹವಾಮಾನ ಮಾತಾಡುತ್ತಾನೆ, ನೀರು ಕೇಳುವ ನೆಪದಲ್ಲಿ ಎದುರು ಮನೆಯ ಜಗಲಿ ಹತ್ತುತ್ತಾನೆ, ಹುಡುಗಿ ಹೇಗೆ ಎಂದು ತಿಳಿದುಕೊಂಡು ಹೋಗುತ್ತಾನೆ. ಜಾತಕ, ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಮೇಲೆ. ಬೀದಿಯವರ ಒಂದು ಮಾತಿನಿಂದ ಸಂಬಂಧ ಆದದ್ದೂ ಉಂಟು, ಮುರಿದದ್ದೂ ಉಂಟು. ಇಂಥ ಬೀದಿಗೆ ಹೋಗಿ, ಮದುವೆ ವಯಸ್ಸಿನ ಮಗಳ ಅಪ್ಪ "ಯಾರೋ ಬರ್ತಾರೆ, ಯಾರು ಅಂತ ಕೇಳಬೇಡಿ, ಕೂಡಿ ಬರಲಿ" ಎಂದರೆ ನಾವಾದರೂ ಏನು ತಿಳಿಯಬೇಕು?

ವೇದಾವತಿ ಟೀಚರ್ ಆ ಸಂಜೆಯೇ ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. "ಮಂಡಿ, ಭುಜದ ವಿಷಯ ಯಾರೂ ಎತ್ತಕೂಡದು. ಗಂಡಿನ ಕಡೆಯವರು ಹೆಂಗಿರ್ತಾರೋ ಏನೋ. ಕಂಡವರ ಕೈಕಾಲು ಹಿಡಿಯೋ ಹುಡುಗಿ ಅಂತ ಆಗಬಾರದು. ಜಟ್ಟಿಂಗಪ್ಪನವರೇ, ನಿಮಗೇ ಹೇಳ್ತಿರೋದು."

"ನಂಗೆ ಭುಜ ನೋವು ಇದ್ದಿದ್ದೇ ಇಲ್ಲ" ಎಂದು ಜಟ್ಟಿಂಗಪ್ಪನವರು ಆಗಿನಿಂದಲೇ ಅಭ್ಯಾಸ ಶುರುಮಾಡಿದರು.

ಆಫೀಸರು ಬಂದ ದಿನ ನಾನು ಶಿವಮೊಗ್ಗಕ್ಕೆ ಹೋಗಿದ್ದೆ. ಆದರೆ ಈ ಕಥೆಯನ್ನು ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ, ಎಲ್ಲರೂ ತಂತಮ್ಮ ಮಾತನ್ನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದರಿಂದ ನಂಬಿದ್ದೇನೆ. ಆಫೀಸರ ಹೆಸರು ಪೂರ್ಣೇಶ್. ಇಸ್ತ್ರಿ ಹಾಕಿದ ಶರ್ಟಿನ ಯುವಕ. ಬೈಕು ನಿಲ್ಲಿಸಿ ಚಹಾದಂಗಡಿಗೆ ಬಂದು "ಇಲ್ಲಿ ಸಿಂಚನಾ ಅಂತ..." ಎನ್ನುವುದರೊಳಗೆ ಜಟ್ಟಿಂಗಪ್ಪನವರು ಬೆಂಚಿನಲ್ಲಿ ಜಾಗ ಮಾಡಿದರು.

"ಬನ್ನಿ ಬನ್ನಿ. ಯಾವೂರಾಯ್ತು ನಿಮ್ದು?"

"ತೀರ್ಥಹಳ್ಳಿ."

"ಸ್ವಂತ ಮನೆನಾ? ಅಣ್ಣತಮ್ಮಂದಿರು ಎಷ್ಟು ಜನ?"

"ಸ್ವಂತದ್ದೇ. ಅದಿರಲಿ, ಆ ಹುಡುಗಿ ಮುಂದೆ ಓದ್ತಾರಂತಲ್ಲ?"

ಆ ಪ್ರಶ್ನೆಯಲ್ಲಿ ಜಟ್ಟಿಂಗಪ್ಪನವರಿಗೆ ಗಂಡಿನ ಕಡೆಯ ಆತಂಕವೆಲ್ಲ ಕಾಣಿಸಿತು. "ಛೆ ಛೆ! ಓದೆಲ್ಲ ಸುಮ್ನೆ ಹೊತ್ತು ಹೋಗ್ಲಿ ಅಂತ. ಒಳ್ಳೇ ಕಡೆ ಕೂಡಿ ಬಂದ್ರೆ ನಾಳೆನೇ ಬಿಡ್ತಾಳೆ."

"ಅರ್ಧಕ್ಕೇ ಬಿಡ್ತಾರಾ?"

"ಬಿಡಿಸೋ ಜವಾಬ್ದಾರಿ ನಂದು!"

"ಓದಿದ ಮೇಲೆ ಕೆಲಸಕ್ಕೆ ಹೋಗೋ ಯೋಚನೆ..."

"ಕೆಲಸಕ್ಕಾ? ಆ ಮಗು ಹೊಸ್ತಿಲು ದಾಟಿದ್ದು ನಾ ನೋಡಿಲ್ಲ ಮಾರಾಯ್ರೆ" ಎಂದು ಜಟ್ಟಿಂಗಪ್ಪನವರು ಬಲಗೈಯನ್ನು ಪೂರಾ ಮೇಲೆತ್ತಿ ಆಣೆ ಹಾಕುವವರಂತೆ ಹೇಳಿದರು.

ಅಲ್ಲಿಂದ ಪೂರ್ಣೇಶ್ ವೇದಾವತಿ ಟೀಚರ ಜಗಲಿ ಹತ್ತಿದರು. ಟೀಚರ್ ಸಾಗರದ ಅಂಗಡಿಯಿಂದ ತರಿಸಿಟ್ಟಿದ್ದ ತೊಡೆದೇವು ಎಂಬ ಸಿಹಿತಿಂಡಿಯನ್ನು ತಟ್ಟೆಯಲ್ಲಿಟ್ಟು, "ಇದು ಸಿಂಚನಾ ಮಾಡಿದ್ದು" ಎಂದರು. ಪೂರ್ಣೇಶ್ ತಿಂದರು, ಚೆನ್ನಾಗಿದೆ ಎಂದರು, ಇನ್ನೊಂದನ್ನೂ ತಿಂದರು. ಆಮೇಲೆ ಕೇಳಿದರು: "ಅವರು ಫಿಸಿಯೋಥೆರಪಿ ಕಲಿತಿದ್ದಾರಲ್ಲ. ಇಲ್ಲಿ ಯಾರಿಗಾದ್ರೂ ಚಿಕಿತ್ಸೆ ಮಾಡಿದ್ದಾರಾ?"

ಪಾಪ, ಆ ಪ್ರಶ್ನೆಗೆ ಒಂದು ಹೌದು ಸಾಕಿತ್ತು.

"ಚಿಕಿತ್ಸೆನಾ? ಎಲ್ಲಾದ್ರೂ ಉಂಟೇನಪ್ಪಾ! ಬಹಳ ಮರ್ಯಾದಸ್ಥ ಹುಡುಗಿ. ಇವತ್ತಿನ ತನಕ ಯಾರ ಕಾಲೂ ಮುಟ್ಟಿಲ್ಲ" ಎಂದು ಹೇಳಿ ಟೀಚರ್, ನೆಲದ ಮೇಲಿದ್ದ ಖಾಲಿ ಲೋಟವನ್ನು ಮಂಡಿ ಮಡಿಸಿ ಕೂತು ಎತ್ತಿಕೊಂಡು, ಏನೂ ಹಿಡಿದುಕೊಳ್ಳದೆ ಸಲೀಸಾಗಿ ಎದ್ದು ನಿಂತರು.

ಪೂರ್ಣೇಶ್ ಹೋದ ಮೇಲೆ ಬೀದಿಯಲ್ಲಿ ಹಬ್ಬ. "ಒಂದೇ ಒಂದು ಮಾತೂ ತಪ್ಪಿಲ್ಲ. ಒಪ್ಪಿದ ಹಾಗೇ ಲೆಕ್ಕ" ಎಂದು ಟೀಚರ್ ರಸ್ತೆ ದಾಟಿ ಬಂದು ಹೇಳಿದರು. ಮಂಜುನಾಥಪ್ಪನವರಿಗೆ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಮಂಡಗದ್ದೆಯಿಂದ ಅವರ ಅಕ್ಕನ ಫೋನು. ಆಫೀಸರ ಜೇಬಿನಿಂದ ಬ್ಯಾಂಕಿನ ಗುರುತಿನ ಚೀಟಿ ಇಣುಕಿದ್ದನ್ನು ಜಟ್ಟಿಂಗಪ್ಪನವರು ಕಂಡಿದ್ದರು, ಹುಡುಗ ತಾನೇ ನೋಡಲು ಬಂದಿದ್ದ ಎಂದು ತೀರ್ಮಾನಿಸಿದ್ದರು, ಸುದ್ದಿ ಅವರ ಕೈಗಿಂತ ವೇಗವಾಗಿ ಎದ್ದಿತ್ತು.

"ಬ್ಯಾಂಕಂತೆ? ನಂಗೆ ಒಂದು ಮಾತು ಹೇಳ್ಲಿಲ್ಲ ನೀನು!"

ಮಂಜುನಾಥಪ್ಪನವರು ದನಿ ತಗ್ಗಿಸಿದರು. "ನಿಂಗ್ಯಾರು ಹೇಳಿದ್ರು ಅಕ್ಕಾ? ಆಗೋ ತನಕ ಬಾಯಿ ಬಿಡಬೇಡ."

"ಬಿಡಲ್ಲ ಬಿಡಲ್ಲ. ಎಷ್ಟು ಕೇಳ್ತಿದ್ದಾರೆ ಅವರು?"

"ಅವರೆಲ್ಲಿ ಕೇಳ್ತಾರೆ, ಅವರೇ ಕೊಡೋದು!"

ಗಂಡಿನ ಕಡೆಯವರೇ ಕೊಟ್ಟು ಮದುವೆ ಮಾಡಿಕೊಳ್ಳುತ್ತಾರೆಂದು ಕೇಳಿ ಅಕ್ಕ ಫೋನಿನಲ್ಲೇ ದೇವರಿಗೆ ಕೈಮುಗಿದರಂತೆ. ಮಂಜುನಾಥಪ್ಪನವರು ಅಂಗಡಿಗೆ ಹೋಗಿ, ಹಳೆಯ ಕಟ್ಟಿನ ಅಳತೆಗೇ ಇನ್ನೊಂದು ತೇಗದ ಕಟ್ಟು ಮಾಡಿದರು. ಮಾಸ್ಟರ್ಸ್ ಪದವಿ ಪತ್ರಕ್ಕೆ. ಅದನ್ನು ಖಾಲಿಯಾಗಿಯೇ ಮೊದಲನೆಯದರ ಪಕ್ಕದಲ್ಲಿ ತೂಗುಹಾಕಿದರು.

ಜೂನ್ ಮೂವತ್ತರ ಬೆಳಿಗ್ಗೆ ಬ್ಯಾಂಕಿನಿಂದ ಕರೆ ಬಂತು. ಅಪ್ಪ ಮಗಳು ಸಾಗರಕ್ಕೆ ಹೋದರು. ಈ ಸಲ ಅಪ್ಪ ಹೊಸ ಪಂಚೆ ಉಟ್ಟಿದ್ದರು.

ಮ್ಯಾನೇಜರು ಸೊಂಟ ನೆಟ್ಟಗಿಟ್ಟುಕೊಂಡು ಮುಖ ಮಾತ್ರ ಬಗ್ಗಿಸಿಕೊಂಡಿದ್ದರು. "ನಿಮ್ಮ ಬೀದಿಯವರು ಬಹಳ ಒಳ್ಳೇ ಜನ. ಯಾರ ಬಗ್ಗೆನೂ ಇಷ್ಟು ಒಳ್ಳೇ ಮಾತು ಕೇಳಿಲ್ಲ ಅಂತ ನಮ್ಮ ಪೂರ್ಣೇಶ್ ಹೇಳ್ತಾರೆ."

"ಹೌದಲ್ಲ ಸಾರ್!"

"ಅದಕ್ಕೇ ಸಾಲ ಆಗಲಿಲ್ಲ."

ಒಂದೊಂದಾಗಿ ಹೇಳಿದರು. ಹುಡುಗಿ ಓದನ್ನು ಅರ್ಧಕ್ಕೇ ಬಿಡುತ್ತಾಳೆ. ಕೆಲಸಕ್ಕೆ ಹೋಗುವವಳಲ್ಲ. ಹೊಸ್ತಿಲು ದಾಟುವುದಿಲ್ಲ. ತೊಡೆದೇವು ಚೆನ್ನಾಗಿ ಮಾಡುತ್ತಾಳೆ. ಕಲಿತ ವಿದ್ಯೆಯನ್ನು ಒಂದು ದಿನವೂ ಬಳಸಿಲ್ಲ, ಯಾರ ಕಾಲೂ ಮುಟ್ಟಿಲ್ಲ.

ಸಿಂಚನಾ ಬಹಳ ಮೆಲ್ಲಗೆ ಕೇಳಿದಳು: "ಯಾರ ಕಾಲೂ ಮುಟ್ಟಿಲ್ಲ ಅಂದ್ರಾ? ಯಾರು ಸಾರ್?"

"ಹೆಸರು ಹೇಳೋ ಹಾಗಿಲ್ಲ. ನಿವೃತ್ತ ಟೀಚರ್ ಅಂತೆ."

ನೋವಾದಾಗ ಆ ಹುಡುಗಿ ಅಳುವುದಿಲ್ಲ, ಕೈಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಾಳೆ. ಹಾಗೇ ನೀವಿಕೊಂಡು ಕೂತಳು.

ಬೀದಿಯವರು ಆಫೀಸರನ್ನು ಗಂಡಿನ ಕಡೆಯವನೆಂದು ತಿಳಿದಿದ್ದರೆಂದು ಹೊಳೆದದ್ದೇ ಅಪ್ಪ ಹೊರಗೆ ಓಡಿ ಜಟ್ಟಿಂಗಪ್ಪನವರಿಗೆ ಫೋನು ಮಾಡಿದರು. ಜೀವನದಲ್ಲಿ ಮೊದಲ ಸಲ ಪೂರ್ತಿ ನಿಜ ಹೇಳುತ್ತಿದ್ದುದರಿಂದ ಮಾತು ಸರಿಯಾಗಿ ಜೋಡಿಸಲು ಬರಲಿಲ್ಲ. "ಅವರು ಹೆಣ್ಣು ನೋಡೋಕೆ ಬಂದವರಲ್ಲ, ಸಾಲ ನೋಡೋಕೆ ಬಂದವರು!" ಎಂದರು. "ಮದುವೆಗೆ ಸಾಲನಾ?" ಎಂದರು ಜಟ್ಟಿಂಗಪ್ಪನವರು. ಅರ್ಥವಾಗುವ ಹೊತ್ತಿಗೆ ಹೊಸನಗರದಿಂದ ಒಂದು ಬಸ್ಸು ಹೋಗಿತ್ತು. ಜಟ್ಟಿಂಗಪ್ಪನವರೂ ವೇದಾವತಿ ಟೀಚರೂ ಮುಂದಿನ ಬಸ್ಸಿಗೆ ಬಂದರು.

ಶಾಖೆ ಮಾಳಿಗೆಯ ಮೇಲಿತ್ತು. ಟೀಚರ್ ಮೆಟ್ಟಿಲು ಹತ್ತಿ ಬಂದವರು, ಉಸಿರು ಸುಧಾರಿಸಿಕೊಳ್ಳದೆ, ಕ್ಯಾಬಿನ್ನಿಗೂ ಹೋಗದೆ, ಬ್ಯಾಂಕಿನ ನಡುವೆಯೇ ನಿಂತು "ಮ್ಯಾನೇಜರ್ ಸಾರ್, ಇಲ್ಲಿ ನೋಡಿ!" ಎಂದು ಕೂಗಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮಂಡಿ ಮಡಿಸಿ ಕೂತರು, ಎದ್ದರು. ಮತ್ತೆ ಕೂತರು, ಎದ್ದರು.

"ಇದು ಆ ಹುಡುಗಿ ಮಾಡಿದ್ದು. ತೊಡೆದೇವು ಅವಳು ಮಾಡಿದ್ದಲ್ಲ, ಅದು ಅಂಗಡೀದು. ಈ ಮಂಡಿ ಅವಳು ಮಾಡಿದ್ದು. ಬರ್ಕೊಳ್ಳಿ!"

ಪಕ್ಕದಲ್ಲಿ ಜಟ್ಟಿಂಗಪ್ಪನವರು ಬಲಗೈ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುತ್ತಿದ್ದರು. ಪಿಂಚಣಿಗೆ ಬಂದಿದ್ದ ಹಿರಿಯರು ಇದು ಬ್ಯಾಂಕಿನವರ ಹೊಸ ನಿಯಮವಿರಬೇಕೆಂದು ಎದ್ದು ನಿಂತರು. ಒಬ್ಬರು ತಾವೂ ಕೈ ಎತ್ತಿದರು.

ಮ್ಯಾನೇಜರು ನಗಲಿಲ್ಲ. ಹೆಡ್ ಆಫೀಸಿಗೆ ಫೋನು ಮಾಡಿದರು. ಫೀಲ್ಡ್ ಆಫೀಸರೇ ಮತ್ತೆ ವಿಚಾರಿಸಿ ಹೊಸ ವರದಿ ಹಾಕಬೇಕು ಎಂದರು ಅಲ್ಲಿಯವರು. ಪೂರ್ಣೇಶ್ ತೀರ್ಥಹಳ್ಳಿಯ ಆಚೆ ಎಲ್ಲೋ ಸಿಗ್ನಲ್ ಇಲ್ಲದ ಕಡೆ ಇದ್ದರು. ಮ್ಯಾನೇಜರು ಮತ್ತೆ ಮತ್ತೆ ಪ್ರಯತ್ನಿಸಿದರು, ಸಂಜೆಯಾಯಿತು, ಕಂಪ್ಯೂಟರಿನಲ್ಲಿ ಆ ಕೋರ್ಸಿನ ಸಾಲು ಇದ್ದಕ್ಕಿದ್ದ ಹಾಗೆ ಮಾಯವಾಯಿತು. ನಾಳೆಯ ನಿಯಮ ಬಂದಿತ್ತು.

"ನಂಗೆ ಗೊತ್ತಾಯ್ತು ಟೀಚರೇ, ನಂಬಿದೀನಿ" ಎಂದರು ಮ್ಯಾನೇಜರು. "ಆದ್ರೆ ಈಗ ಬರ್ಕೊಳ್ಳೋಕೆ ಜಾಗ ಇಲ್ಲ."

ಟೀಚರ್ ಆಗಲೂ ಇನ್ನೊಂದು ಸಲ ಕೂತು ಎದ್ದರು. ಸಿಂಚನಾ ಹೋಗಿ ಅವರ ತೋಳು ಹಿಡಿದು, "ಸಾಕು ದೊಡ್ಡಮ್ಮ, ಮಂಡಿ ಮತ್ತೆ ಊದಿಕೊಳ್ತದೆ" ಎಂದಳು.

ನಾಲ್ವರೂ ವಾಪಸ್ಸು ಬರುವ ಬಸ್ಸು ಹತ್ತಿದರು. ಬಸ್ಸು ಹೊರಟ ಮೇಲೆ ಮಂಜುನಾಥಪ್ಪನವರೇ, "ಸಾಲಕ್ಕೆ ಅಂತ ಹೇಳೋಕೆ ನಾಚಿಕೆ ಆಯ್ತು ವೇದಕ್ಕ" ಎಂದರು.

"ನನ್ನ ಪೆನ್ಶನ್ ಮೇಲೂ ಸಾಲ ಇದೆ ಮಾರಾಯಾ" ಎಂದರು ಟೀಚರ್.

"ನಂದೂ ಇದೆ" ಎಂದರು ಜಟ್ಟಿಂಗಪ್ಪನವರು.

ಒಬ್ಬರಿಂದೊಬ್ಬರು ಇಷ್ಟು ವರ್ಷ ಬಚ್ಚಿಟ್ಟಿದ್ದು ಇದೊಂದೇ ಸಂಗತಿ. ಸಿಂಚನಾ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೇಳಿಸಿಕೊಳ್ಳುತ್ತಿದ್ದಳು.

ಮಂಗಳೂರಿನ ಸೀಟು ಬೇರೆ ಯಾರಿಗೋ ಹೋಯಿತು. ಸಂಬಂಧ ಮುರಿದುಬಿತ್ತಂತೆ ಎಂದು ಮಂಡಗದ್ದೆಯ ಅಕ್ಕ ಬಂದು ಅತ್ತು, ಹುಡುಗನಿಗೆ ಶಾಪ ಹಾಕಿ ಹೋದರು. ಅವರಿಗೆ ಬಿಡಿಸಿ ಹೇಳುವ ಶಕ್ತಿ ಯಾರಿಗೂ ಇರಲಿಲ್ಲ. ಖಾಲಿ ಕಟ್ಟು ಕೆಲವು ದಿನ ಗೋಡೆಯ ಮೇಲಿತ್ತು. ಆಮೇಲೆ ತೀರಿಕೊಂಡವರೊಬ್ಬರ ಮನೆಯವರು ಅವಸರದಲ್ಲಿ ಬಂದಾಗ ಮಂಜುನಾಥಪ್ಪನವರು ಅದನ್ನೇ ಇಳಿಸಿ ಕೊಟ್ಟರು. ಅಳತೆ ಸರಿಯಾಗಿ ಕೂತಿತು. ಈಗ ಅಂಗಡಿಗೆ ಯಾರಾದರೂ ಬಂದು ಬೀದಿಯ ಇನ್ಯಾರದೋ ವಿಚಾರ ಕೇಳಿದರೆ ಅವರು ಮೊದಲು "ನೀವು ಬ್ಯಾಂಕಿನವರೋ, ಬೀಗರೋ?" ಎಂದು ಕೇಳುತ್ತಾರೆ. ಯಾರು ಎಂದು ಹೇಳಿದರೂ ನಂಬದೆ ಸುಮ್ಮನಾಗುತ್ತಾರೆ.

ಸಿಂಚನಾ ತೀರ್ಥಹಳ್ಳಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದಳು. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಿಗೆ ಬರುತ್ತಾಳೆ. ವೇದಾವತಿ ಟೀಚರ್ ಅವಳು ಹೋಗುವ ಹೊತ್ತಿಗೆ ಜಗಲಿಗೆ ಬರುವುದನ್ನೇ ನಿಲ್ಲಿಸಿದ್ದರು. ಬ್ಯಾಂಕಿನಲ್ಲಿ ಮಾಡಿದ ಕಸರತ್ತಿಗೆ ಮಂಡಿ ಊದಿಕೊಂಡಿತ್ತು, ಮತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು, ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸಿಂಚನಾ ತಾನೇ ರಸ್ತೆ ದಾಟಿ ಹೋದಳು. ಟೀಚರ್ ಒಳಗಿನ ಮಂಚದ ಮೇಲೆ ಕೂತಿದ್ದರು.

"ಕಾಲು ಚಾಚಿ ದೊಡ್ಡಮ್ಮ."

"ಬೇಡ ಕಣೇ. ಯಾವ ಮುಖ ಇಟ್ಕೊಂಡು ಚಾಚಲಿ?"

"ಮುಖ ಬೇಡ. ಮಂಡಿ ಸಾಕು."

ಟೀಚರಿಗೆ ನಗು ಬಂತು, ನಗುವಿನ ಜೊತೆಗೆ ಅಳುವೂ ಬಂತು. ಸೀರೆ ಮಡಿಸಿಕೊಳ್ಳುತ್ತಾ ಅಭ್ಯಾಸಬಲದಿಂದ ಬೀದಿಬಾಗಿಲ ಕಡೆ ನೋಡಿದರು. ಬಾಗಿಲು ಅರ್ಧ ಮುಚ್ಚಿತ್ತು. ಸಿಂಚನಾ ಅವರ ನೋಟವನ್ನು ಕಂಡಳು.

"ಯಾರೂ ನೋಡಲ್ಲ ದೊಡ್ಡಮ್ಮ. ನನ್ನ ವಿಚಾರ ಕೇಳೋಕೆ ಇನ್ನು ಯಾರೂ ಬರಲ್ಲ."

ಟೀಚರ್ ಗೋಡೆ ಹಿಡಿದುಕೊಂಡು ಎದ್ದು, ಕುಂಟುತ್ತಾ ಹೋಗಿ ಬೀದಿಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದರು. ಜಗಲಿಗೇ ಮಣೆ ತರಿಸಿ ಹಾಕಿಸಿಕೊಂಡು, ರಸ್ತೆಗೆ ಎದುರಾಗಿ ಕೂತು, ಕಾಲನ್ನು ಸಿಂಚನಾಳ ತೊಡೆಯ ಮೇಲೆ ಚಾಚಿದರು.

ಬೀದಿಯಲ್ಲಿ ಆಗ ಯಾರೂ ಇರಲಿಲ್ಲ.